ಪಡಿತರ ಚೀಟಿಯ ಅಭಾವಮೀಮಾಂಸೆ ಮತ್ತು ಪರಮಾದೇಶ ವಿಚಾರ

ಇಲ್ಲದ ಮನುಷ್ಯನಿಗೆ ಅಕ್ಕಿ ಸಲ್ಲುವುದು ಹೇಗೆ, ಹಾಗೆ ಸಲ್ಲುವುದನ್ನು ತಡೆಯದ ಅಧಿಕಾರಿಯ ಮೇಲೆ ನ್ಯಾಯಾಲಯದಿಂದ ಆದೇಶ ತರುವುದು ಹೇಗೆ ಎಂಬ ಎರಡು ಪ್ರಶ್ನೆಗಳಲ್ಲಿ ಮೊದಲನೆಯದನ್ನು ಆಹಾರ ನಿರೀಕ್ಷಕರಿಗೂ ಎರಡನೆಯದನ್ನು ವಕೀಲರಿಗೂ ಬಿಟ್ಟುಕೊಟ್ಟಿದ್ದರಿಂದ ಕರ್ನಾಟಕದಲ್ಲಿ ಈ ಶಾಸ್ತ್ರ ಇನ್ನೂ ಬೆಳೆದಿಲ್ಲ. ಪ್ರಾಚೀನ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, 'ಅಭಾವ'ವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದಾಗಲೇ ಎರಡಕ್ಕೂ ಉತ್ತರ ಸಿದ್ಧವಾಗಿತ್ತೆಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ.

ಇದ್ದದ್ದು ನಾಶವಾದ ಮೇಲೆ ಉಂಟಾಗುವ ಇಲ್ಲದಿರುವಿಕೆಗೆ ಪ್ರಧ್ವಂಸಾಭಾವವೆಂದು ಹೆಸರು. ತೀರಿಕೊಂಡು ವರ್ಷಗಳಾದರೂ ಚೀಟಿಯಿಂದ ಹೆಸರು ಕಳೆಯದ, ತಿಥಿಯ ವಡೆ ವರ್ಷಕ್ಕೊಮ್ಮೆಯಾದರೆ ಪಡಿತರದ ಅಕ್ಕಿಯನ್ನು ತಿಂಗಳಿಗೊಮ್ಮೆ ಪಡೆಯುವ ಅಜ್ಜ ಈ ವರ್ಗಕ್ಕೆ ಸೇರುತ್ತಾನೆ. ಯಾವ ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಎಲ್ಲಿಯೂ ಹುಟ್ಟದೆ ಚೀಟಿಯಲ್ಲಿ ಮಾತ್ರ ಹುಟ್ಟಿದ ಸದಸ್ಯ ಇದಕ್ಕೆ ನಿದರ್ಶನನಾಗಿದ್ದು, ಸಾಲಿನಲ್ಲಿ ನಿಲ್ಲದ, ತೂಕದ ಬಗ್ಗೆ ತಕರಾರು ತೆಗೆಯದ, ಅಕ್ಕಿಯಲ್ಲಿ ಹುಳವಿದೆಯೆಂದು ಗೊಣಗದ ಆತನಷ್ಟು ಸಜ್ಜನ ಫಲಾನುಭವಿ ನ್ಯಾಯಬೆಲೆ ಅಂಗಡಿಗೆ ದೊರೆಯುವುದು ದುರ್ಲಭ. ಒಂದು ಇನ್ನೊಂದಲ್ಲದಿರುವುದು ಅನ್ಯೋನ್ಯಾಭಾವ. ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿದವನೂ ಮನೆಯ ಮುಂದೆ ವೈಟ್ ಬೋರ್ಡ್ ಕಾರು ನಿಲ್ಲಿಸಿದವನೂ ಬಿಪಿಎಲ್ ಅಲ್ಲವೆಂದು ರಾಜ್ಯದ ಮಾನದಂಡಗಳು ಹೇಳಿದರೂ, ಆ ಕಾರಿನ ಡಿಕ್ಕಿಯಲ್ಲಿಯೇ ಪಡಿತರದ ಮೂಟೆ ಮನೆಗೆ ಹೋಗುವುದುಂಟು. ನಾಲ್ಕನೆಯದಾದ ಪ್ರಾಗಭಾವ, ಎಂದರೆ ವಸ್ತು ಹುಟ್ಟುವುದಕ್ಕೆ ಮುಂಚಿನ ಅಭಾವ, ಚೀಟಿಗೆ ಸಂಬಂಧಿಸಿದ್ದಲ್ಲ, ಅಧಿಕಾರಿ ಕೈಗೊಳ್ಳಬೇಕಾದ ಕ್ರಮಕ್ಕೆ ಸಂಬಂಧಿಸಿದ್ದು. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು ಎಂದು ನೈಯಾಯಿಕರು ಹೇಳಿದ್ದಾರೆ. ಅವರು ತಾಲ್ಲೂಕು ಕಚೇರಿಗೆ ಹೋದವರಲ್ಲ.

ಇಲ್ಲದಿರುವುದನ್ನು ಅರಿಯುವ ಸಾಧನಕ್ಕೆ, ಅಂದರೆ ಪ್ರಮಾಣಕ್ಕೆ, ಮೀಮಾಂಸಕರು ಅನುಪಲಬ್ಧಿ ಎನ್ನುತ್ತಾರೆ; ಹುಡುಕಿದರೂ ಕಾಣದಿದ್ದರೆ ಅದು ಇಲ್ಲವೆಂದು ತಿಳಿಯಬೇಕೆಂಬುದು ಇದರ ತಾತ್ಪರ್ಯ. 2010ರ ದಶಕದ ಆರಂಭದಲ್ಲಿ ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆಯನ್ನು ಚೀಟಿಗೆ ಜೋಡಿಸಿ ಬೋಗಸ್ ಕಾರ್ಡುಗಳನ್ನು ಹಿಡಿಯಹೊರಟ ಇಲಾಖೆ, ತರುವಾಯ ಬೆರಳಚ್ಚಿನ ಯಂತ್ರವನ್ನು ನೆಚ್ಚಿಕೊಂಡು ಈ ಪ್ರಮಾಣವನ್ನು ತುತ್ತತುದಿಗೆ ಒಯ್ದಿತು. ಕಳೆ ಕಿತ್ತು ಕಿತ್ತು ಬೆರಳಿನ ಗೆರೆ ಸವೆದ ಅಜ್ಜಿ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒತ್ತುತ್ತಾಳೆ, ಎಂಜಲು ಹಚ್ಚಿ ಮತ್ತೆ ಒತ್ತುತ್ತಾಳೆ, ಯಂತ್ರ ಕೆಂಪು ದೀಪ ತೋರಿಸುತ್ತದೆ, ಅಂಗಡಿಯವನು "ನಾಳೆ ಬಾರಜ್ಜಿ" ಅನ್ನುತ್ತಾನೆ. ಎದುರಿಗೆ ನಿಂತವಳು ಇಲ್ಲವೆಂದು ಸಿದ್ಧವಾಗುವ ಈ ಹೊತ್ತಿನಲ್ಲಿ ಇಲ್ಲದವನು ಇದ್ದಾನೆಂಬುದಕ್ಕೆ ದಾಖಲೆಯೆಲ್ಲ ಸರಿಯಾಗಿರುತ್ತದೆ.

ಇನ್ನು ಪರಮಾದೇಶ. ಕಾನೂನು ವಿಧಿಸಿದ ಕರ್ತವ್ಯವನ್ನು ಮಾಡೆಂದು ಸಂವಿಧಾನದ 226ನೇ ವಿಧಿಯಂತೆ ಹೈಕೋರ್ಟು ಅಧಿಕಾರಿಗೆ ಕೊಡುವ ಅಪ್ಪಣೆ ಇದಾಗಿದ್ದು, ಇದನ್ನು ಬೇಡುವವನು ಮೊದಲು ಅಧಿಕಾರಿಯನ್ನೇ ಬೇಡಿ 'ಇಲ್ಲ' ಅನ್ನಿಸಿಕೊಂಡಿರಬೇಕೆಂಬುದು ಸಾಮಾನ್ಯ ನಿಯಮ. ಆದಕಾರಣ ಅನುಭವಿ ಅಧಿಕಾರಿ ಎಂದೂ ಇಲ್ಲವೆನ್ನುವುದಿಲ್ಲ. ಟಪಾಲು ವಿಭಾಗದ ದುಂಡು ಮೊಹರು ಬಿದ್ದ ಮನವಿಯ ಅಂಚಿನಲ್ಲಿ "ಪರಿಶೀಲಿಸಿ ನಿಯಮಾನುಸಾರ ಕ್ರಮವಹಿಸುವುದು" ಎಂದು ಷರಾ ಬರೆದು ಆತ ಅದನ್ನು ವಿಷಯ ನಿರ್ವಾಹಕರಿಗೆ ಇಳಿಸುತ್ತಾನೆ, ನಿರ್ವಾಹಕರು ಕಡತವೇರಿಸಿ ಮಂಡಿಸುತ್ತಾರೆ, ಮಂಡಿಸಿದ್ದು ಸ್ಪಷ್ಟೀಕರಣಕ್ಕಾಗಿ ಮತ್ತೆ ಇಳಿಯುತ್ತದೆ. ಈ ಏರಿಳಿತದಲ್ಲಿ ಬೇಸತ್ತ ಅರ್ಜಿದಾರ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಪೀಠ ಸೇರಿದರೆ, ಮನವಿಯನ್ನು ಕಾನೂನು ಪ್ರಕಾರ ಇಂತಿಷ್ಟು ವಾರಗಳೊಳಗೆ ಪರಿಗಣಿಸತಕ್ಕದ್ದೆಂಬ ಆದೇಶ ದೊರೆಯುವುದುಂಟು. ಅಧಿಕಾರಿ ಪರಿಗಣಿಸುತ್ತಾನೆ. ಪರಿಗಣಿಸಿ ಹಿಂಬರಹವನ್ನೂ ಕೊಡುತ್ತಾನೆ, ಅದರಲ್ಲಿ ಮನವಿಯನ್ನು ಪರಿಗಣಿಸಲಾಗಿದೆಯೆಂದು ಇರುತ್ತದೆ.

ಅಷ್ಟೂ ಮಾಡದವನ ಮೇಲೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬಹುದು. 1971ರ ಕಾಯ್ದೆ ಇದಕ್ಕೆ ಆರು ತಿಂಗಳವರೆಗಿನ ಸಾದಾ ಸಜೆಯನ್ನೋ 2,000 ರೂಪಾಯಿವರೆಗಿನ ದಂಡವನ್ನೋ ವಿಧಿಸಿ, ನ್ಯಾಯಾಲಯಕ್ಕೆ ಒಪ್ಪಿಗೆಯಾಗುವಂತೆ ಕ್ಷಮೆ ಕೇಳಿದರೆ ಬಿಟ್ಟುಬಿಡಬಹುದೆಂದೂ ಹೇಳುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿಯಾದರೋ, ಜಿಲ್ಲಾ ಕುಂದುಕೊರತೆ ಅಧಿಕಾರಿ ಸೂಚಿಸಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರನಿಗೆ ರಾಜ್ಯ ಆಹಾರ ಆಯೋಗ 5,000 ರೂಪಾಯಿವರೆಗೆ ದಂಡ ಹಾಕಬಹುದು. ದಂಡದ ಮಟ್ಟಿಗೆ ಹೈಕೋರ್ಟಿನ ಮಾತಿಗಿಂತ ಕುಂದುಕೊರತೆ ಅಧಿಕಾರಿಯ ಮಾತು ಎರಡೂವರೆ ಪಟ್ಟು ತೂಕದ್ದೆಂಬ ಈ ಸಂಗತಿ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಂದ ಪ್ರತ್ಯೇಕ ಅಧ್ಯಯನವನ್ನು ಬೇಡುತ್ತದೆ.

ಕ್ರಮದ ಪ್ರಾಗಭಾವ ಒಮ್ಮೊಮ್ಮೆ ನಿಜಕ್ಕೂ ಅಂತ್ಯಗೊಳ್ಳುತ್ತದೆಂಬುದನ್ನು ಮರೆಮಾಚಲಾಗದು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳನ್ನು ರದ್ದುಗೊಳಿಸುವ, ಎಪಿಎಲ್‌ಗೆ ಬದಲಿಸುವ ಕ್ರಮ ಹುಟ್ಟಿಬಂದಿತು. ಅತ್ಯಂತಾಭಾವದವರು ಸ್ವಭಾವತಃ ಮೌನವಾಗಿದ್ದುದರಿಂದ ಕಾರ್ಡು ಹಿಡಿದು ಕಚೇರಿಯ ಮೆಟ್ಟಿಲಲ್ಲಿ ಕೂಗಾಡಿದವರೆಲ್ಲ ಇದ್ದವರೇ ಆಗಿದ್ದರು. ಸರ್ಕಾರ ಹಿಂದೆ ಸರಿದು, ಸರ್ಕಾರಿ ನೌಕರರನ್ನೂ ಆದಾಯ ತೆರಿಗೆ ಕಟ್ಟುವವರನ್ನೂ ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸಲು ಹೇಳಿತು. ಒಮ್ಮೆ ನಾಶವಾದುದರ ಅಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂಬ ಪ್ರಧ್ವಂಸಾಭಾವದ ಲಕ್ಷಣ ಇದರಿಂದ ಬಿದ್ದುಹೋದಂತಾಗಿದ್ದು, ಲಕ್ಷಣವನ್ನು ತಿದ್ದಬೇಕೋ ಕಾರ್ಡನ್ನು ತಿದ್ದಬೇಕೋ ಎಂಬುದು ಸದ್ಯ ಪರಿಶೀಲನೆಯಲ್ಲಿದೆ.