ಮಗ್ಗದ ಮೇಲೆ ಕೂತ ತಾತ

ಚಳ್ಳಕೆರೆಗೆ ಬಿರುದುಗಳ ಬರ ಎಂದೂ ಬಂದಿಲ್ಲ. ಬರ ಏನಿದ್ದರೂ ಮಳೆಗೆ. ಶೇಂಗಾ ಎಣ್ಣೆಯ ಮಿಲ್ಲುಗಳು ಜೋರಾಗಿದ್ದಾಗ ಅದು ಎಣ್ಣೆ ನಗರಿ. ಕುದಾಪುರ, ಉಳ್ಳಾರ್ತಿಯ ಅಮೃತಮಹಲ್ ಕಾವಲಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ ಕಾಲಿಟ್ಟ ಮೇಲೆ ವಿಜ್ಞಾನ ನಗರಿ. ಗ್ಯಾಜೆಟ್ ಹುಚ್ಚಿನ ಬಗ್ಗೆ ಲೇಖನ ಬೇಕು, ಆ ಕಡೆಯ ಯಾವುದಾದರೂ ಡ್ರೋನನ್ನು ಮಾತಾಡಿಸಿಕೊಂಡು ಬಾ ಎಂದರು ಸಂಪಾದಕರು. ಡ್ರೋನಿಗೆ ಬಾಯಿಲ್ಲ. ಇದ್ದರೂ ಬಿಡುವ ಹಾಗಿಲ್ಲ, ರಕ್ಷಣಾ ವಿಷಯ. ಹಾಗಾಗಿ ಪಕ್ಕದ ತಾಲ್ಲೂಕಿಗೆ ಹೋಗಿ, ಮೊಳಕಾಲ್ಮೂರಿನ ಒಂದು ಗುಂಡಿಮಗ್ಗದ ನೆತ್ತಿಯ ಮೇಲೆ ಕೂತಿದ್ದ ಜಕಾರ್ಡನ್ನು ಹಿಡಿದೆ. ಎಣ್ಣೆ ಕುಡಿದು ಕಪ್ಪಾದ ಚೌಕಟ್ಟು, ಒಳಗೆ ಕೊಕ್ಕೆಗಳ ಸಾಲು, ಪಕ್ಕಕ್ಕೆ ಜೋತುಬಿದ್ದ ರಟ್ಟಿನ ಕಾರ್ಡುಗಳ ಸರಮಾಲೆ. ನೇಕಾರಣ್ಣ ಊಟಕ್ಕೆ ಎದ್ದಿದ್ದರು. ತಾತನಿಗೆ ಬಿಡುವಿತ್ತು.

ನಾನು: ನಮಸ್ಕಾರ ತಾತ. ಕಂಪ್ಯೂಟರಿನ ಪೂರ್ವಜರು ತಾವೇ ಅಂತ ಕೇಳಿದೆ.

ಜಕಾರ್ಡ್: ಯಾರು ಹೇಳಿದ್ರು? ನಿಜಾನೇ ಹೇಳಿದ್ದಾರೆ. ಕತ್ತೆತ್ತಿ ಮಾತಾಡು ತಮ್ಮಾ, ನಾನು ಮೇಲಿದ್ದೀನಿ. ನನ್ನ ಹೊಟ್ಟೇಲಿ 240 ಕೊಕ್ಕೆ, ಕೊಕ್ಕೆಗೊಂದು ಸೂಜಿ. ಅಣ್ಣ ಕೆಳಗೆ ಗುಂಡೀಲಿ ಕೂತು ಮೆಟ್ಟಿದ್ರೆ ಒಂದು ಕಾರ್ಡು ಬಂದು ಸೂಜಿಗಳಿಗೆ ಒತ್ತುತ್ತೆ. ತೂತಿರೋ ಕಡೆ ಸೂಜಿ ತೂರಿಕೊಳ್ಳುತ್ತೆ, ಅದರ ಕೊಕ್ಕೆ ಇದ್ದಲ್ಲೇ ಇದ್ದು ಮೇಲೇಳುತ್ತೆ, ಜೊತೆಗೆ ಹಾಸಿನ ಎಳೆನೂ ಏಳುತ್ತೆ. ತೂತಿಲ್ಲದ ಕಡೆ ರಟ್ಟು ಸೂಜೀನ ಹಿಂದಕ್ಕೆ ತಳ್ಳುತ್ತೆ, ಕೊಕ್ಕೆ ಜಾರುತ್ತೆ, ಎಳೆ ಕೆಳಗೇ ಉಳಿಯುತ್ತೆ. ನಡುವಿನ ಸಂದೀಲಿ ಲಾಳಿ ಓಡುತ್ತೆ. ಒಂದು ಹೊಕ್ಕಿಗೆ ಒಂದು ಕಾರ್ಡು. ತೂತಿದೆ, ತೂತಿಲ್ಲ, ಇಷ್ಟೇ ನನ್ನ ವೇದಾಂತ. ಇದನ್ನೇ ಒಂದು, ಸೊನ್ನೆ ಅಂತ ಕರೆದು ಬೆಂಗಳೂರಲ್ಲಿ ಲಕ್ಷಗಟ್ಟಲೆ ಸಂಬಳ ಎಣಿಸ್ತಾರೆ.

ನಾನು: ಮೂಲ ಊರು?

ಜಕಾರ್ಡ್: ಫ್ರಾನ್ಸಿನ ಲಿಯಾನ್. ಅದೂ ರೇಷ್ಮೆ ನೇಯೋರ ಊರೇ, ಅದಕ್ಕೇ ಇಲ್ಲಿ ನನಗೆ ಪರಸ್ಥಳ ಅನಿಸೋದಿಲ್ಲ. ಹೆಸರು ಜೋಸೆಫ್ ಮೇರಿ ಜಕಾರ್ಡ್‌ದು, ವರ್ಷ 1804. ಆದರೆ ಒಳಗಿನ ಮಾತು ಹೇಳ್ತೀನಿ: 1725ರಲ್ಲಿ ಬೂಶಾಂ ಅನ್ನೋನು ಕಾಗದದ ಸುರುಳಿಗೆ ತೂತು ಹೊಡೆದು ಶುರು ಮಾಡಿದ. ಫಾಲ್ಕನ್ ಅನ್ನೋನು ಅದನ್ನ ಕಾರ್ಡುಗಳ ಸರ ಮಾಡಿದ. ವೋಕಾನ್ಸನ್ ಅನ್ನೋ ಮಹಾಶಯ ಎತ್ತಿ ಮಗ್ಗದ ತಲೆ ಮೇಲೆ ಕೂರಿಸಿದ. ಅವನ ಯಂತ್ರ ಪ್ಯಾರಿಸ್ಸಿನ ಒಂದು ಸಂಗ್ರಹಾಲಯದಲ್ಲಿ ಗುಜರಿಯಾಗಿ ಬಿದ್ದಿತ್ತು, ನಮ್ಮಪ್ಪ ಅದನ್ನ ರಿಪೇರಿ ಮಾಡೋಕೆ ಹೋಗಿ ನನ್ನನ್ನ ಹುಟ್ಟಿಸಿದ. ಗುಜರಿಯಿಂದ ಬಂದವನು ಅನ್ನೋಕೆ ನನಗೇನೂ ನಾಚಿಕೆ ಇಲ್ಲ.

ನಾನು: ವೋಕಾನ್ಸನ್ ಅಂದರೆ ಆ ಬಾತುಕೋಳಿಯವನು?

ಜಕಾರ್ಡ್: ಅವನೇ! 1739ರಲ್ಲಿ ಪ್ಯಾರಿಸ್ಸಿನಲ್ಲಿ ತಾಮ್ರದ ಬಾತುಕೋಳಿ ಮಾಡಿ ನಿಲ್ಲಿಸಿದ. ರೆಕ್ಕೆ ಬಡಿಯೋದು, ಕಾಳು ತಿನ್ನೋದು, ಅರಗಿಸಿಕೊಂಡು ಹಿಕ್ಕೆ ಹಾಕೋದು. ಜನ ದುಡ್ಡು ಕೊಟ್ಟು ಹಿಕ್ಕೆ ನೋಡಿದ್ರು. ನೂರು ವರ್ಷ ಆದ ಮೇಲೆ ಗೊತ್ತಾಯ್ತು, ಅರಗಿಸಿಕೊಳ್ಳೋದೆಲ್ಲ ಸುಳ್ಳು, ಹಿಕ್ಕೆ ಮೊದಲೇ ಒಳಗೆ ತುಂಬಿಟ್ಟಿದ್ದ ಅಂತ. ಈಗಲೂ ದೊಡ್ಡ ದೊಡ್ಡ ವೇದಿಕೆ ಮೇಲೆ ಹೊಸ ಮಾಲು ತೋರಿಸ್ತಾರಲ್ಲ, ನನಗೆ ಆ ಬಾತುಕೋಳೀನೇ ಕಣ್ಮುಂದೆ ಬರುತ್ತೆ. ಹೋಗಲಿ ಬಿಡು, ಮನೆತನದ ಮಾತು.

ನಾನು: ಹಾಗಿದ್ದರೆ ಕಂಪ್ಯೂಟರಿನವರು ನಿಮ್ಮನ್ನು ನೆನೆಯುತ್ತಾರಾ?

ಜಕಾರ್ಡ್: ಬ್ಯಾಬೇಜ್ ಅಂತ ಒಬ್ಬ ಇದ್ದ, ಒಳ್ಳೇ ಮನುಷ್ಯ. ರೇಷ್ಮೆಯಲ್ಲಿ ನೇಯ್ದ ನಮ್ಮಪ್ಪನ ಚಿತ್ರ ಒಂದನ್ನ ತಂದು ಮನೇಲಿ ಇಟ್ಕೊಂಡಿದ್ದ. ಆ ಚಿತ್ರಕ್ಕೆ ಹತ್ತಿರ ಹತ್ತಿರ 24,000 ಕಾರ್ಡು ಹಿಡಿದಿತ್ತು. ಒಂದು ಮುಖಕ್ಕೆ! ಅಷ್ಟು ರಟ್ಟು ಕೊಟ್ಟಿದ್ರೆ ನಮ್ಮ ಅಣ್ಣ ಜೀವಮಾನಕ್ಕಾಗುವಷ್ಟು ಸೆರಗು ತೆಗೀತಿದ್ದ. ತನ್ನ ಲೆಕ್ಕದ ಯಂತ್ರಕ್ಕೂ ನನ್ನ ಕಾರ್ಡೇ ಬೇಕು ಅಂದ, ಪಾಪ, ಕಟ್ಟಿ ಮುಗಿಸಲಿಲ್ಲ. ಏಡಾ ಲವ್ಲೇಸ್ ಅನ್ನೋ ಹೆಣ್ಣುಮಗಳು 1843ರಲ್ಲಿ ಆ ಯಂತ್ರಕ್ಕೂ ನನಗೂ ಹೋಲಿಕೆ ಕೊಟ್ಟು ಬರೆದಳು. ಆಮೇಲೆ ಅಮೆರಿಕದಲ್ಲಿ ಹಾಲರಿತ್ ಅಂತ ಒಬ್ಬ. 1890ರ ಜನಗಣತೀನ ತೂತಿನ ಕಾರ್ಡಲ್ಲೇ ಎಣಿಸಿದ. ಅವನ ಕಂಪನಿ ಮುಂದೆ ಐಬಿಎಂ ಒಳಗೆ ಸೇರ್ಕೊಂಡಿತು. ಈ ಬುದ್ಧಿ ಎಲ್ಲಿಂದ ಬಂತು ಅಂತ ಕೇಳಿದ್ರೆ, ರೈಲಲ್ಲಿ ಕಂಡಕ್ಟರು ಟಿಕೆಟ್ಟಿಗೆ ತೂತು ಹೊಡೆಯೋದು ನೋಡಿ ಅಂತ ಹೇಳಿದ! ನನ್ನ ಹೆಸರು ಎತ್ತಬೇಕೋ ಬೇಡ್ವೋ? ಬರ್ಕೊ, ಇದನ್ನ ದಪ್ಪಕ್ಷರದಲ್ಲಿ ಬರ್ಕೊ.

(ಬರೆದುಕೊಂಡೆ. ದಪ್ಪಕ್ಷರ ಸಂಪಾದಕರಿಗೆ ಬಿಟ್ಟದ್ದು.)

ನಾನು: ಈಗಿನ ಹುಡುಗರು ಹಳೇ ಸಾಮಾನಿನಿಂದ ಏನೇನೋ ಮಾಡಿ, ಅದಕ್ಕೆ ದೊಡ್ಡ ಹೆಸರಿಟ್ಟು ಮೇಳಗಳಲ್ಲಿ ತೋರಿಸುತ್ತಾರೆ. ಇಲ್ಲಿ ಅಂಥದ್ದೇನಾದರೂ?

ಜಕಾರ್ಡ್: ಸುತ್ತ ನೋಡು ಮೊದಲು. ಬಾಗಿಲ ಹತ್ತಿರ ಅಕ್ಕ ಕಂಡಿಕೆ ಸುತ್ತುತ್ತಾ ಇದ್ದಾಳಲ್ಲ, ಆ ರಾಟೆ ಏನು? ಟೈರು ಬಿಚ್ಚಿದ ಸೈಕಲ್ ಚಕ್ರ. ಕಡ್ಡಿಗಳು ಇನ್ನೂ ಬಿಗಿಯಾಗಿವೆ, ಒಂದು ಸಲ ತಟ್ಟಿದ್ರೆ ಕದಿರು ಗಿರಗಿರ ಅನ್ನುತ್ತೆ. ಆ ಸೈಕಲ್ಲಿನ ಟ್ಯೂಬು ಎಲ್ಲಿ ಅಂತೀಯಾ? ಸೀಳಿ ಪಟ್ಟಿ ಮಾಡಿ ಮಗ್ಗಕ್ಕೆ ಕಟ್ಟಿದ್ದಾರೆ. ಮೆಟ್ಟಿದ ಮೇಲೆ ಮೆಟ್ಟುಗೋಲನ್ನ ವಾಪಸ್ ಎಳೆಯೋದು ಅದೇ. ಬ್ರೇಕಿನ ತಂತಿ ನನ್ನ ಎಡಗಡೆ ಹಗ್ಗದ ಜಾಗದಲ್ಲಿದೆ. ಉಳಿದದ್ದು ಗಂಟೆ ಒಂದು, ಅದನ್ನ ಮೊಮ್ಮಗ ಎತ್ಕೊಂಡು ಹೋದ. ಇನ್ನು ಅಲ್ಲಿ ಕೆಳಗೆ ಜೋತಾಡ್ತಿರೋ ಬಾಟಲಿಗಳು? ತಂಪು ಪಾನೀಯದ್ದು. ಕುಡಿದದ್ದು ಯಾರೋ, ಮರಳು ತುಂಬಿ ಹಾಸು ಬಿಗಿಗೆ ತೂಕ ಕಟ್ಟಿದ್ದು ಅಣ್ಣ. ಕಬ್ಬಿಣದ ತೂಕವಾದರೆ ಹೆಚ್ಚುಕಮ್ಮಿ ಮಾಡೋಕಾಗಲ್ಲ. ಇಲ್ಲಿ ಮುಚ್ಚಳ ತೆಗೆದು ಒಂದು ಹಿಡಿ ಮರಳು ಸುರಿದರೆ ಮುಗೀತು. ನನ್ನ ಎರಡು ಸೂಜಿ ಕೊಡೆಯ ಕಡ್ಡಿ ಕತ್ತರಿಸಿ ಮಾಡಿದ್ದು. ನಮ್ಮ ಕಡೆ ಮಳೆಗೆ ಕೊಡೆ ಅಷ್ಟಾಗಿ ಬೇಕಾಗಲ್ಲ ನೋಡು.

ಆ ಕಾರ್ಡು ಕಾಣ್ತಾ? ಮೂಲೇಲಿ ಗುಂಡಗೆ ಕಾಗದ ಅಂಟಿಸಿದೆ. ತೂತು ಹೊಡೆಯೋನು ಒಂದು ಮನೆ ತಪ್ಪಿ ಹೊಡೆದಿದ್ದ. ನಾಲ್ಕು ಸೀರೇಲಿ ಗಿಣಿ ಕೊಕ್ಕು ಅದರ ಬೆನ್ನ ಮೇಲೆ ಬಂತು. ಅಣ್ಣ ಮೂರು ದಿನ ಕಾರ್ಡು ಕಾರ್ಡೇ ಎಣಿಸಿ, ಬೆರಳಲ್ಲಿ ಸವರಿ ಹಿಡಿದ. ಲಗ್ನಪತ್ರಿಕೆ ಚೂರು ಹಚ್ಚಿ ಮುಚ್ಚಿದ. ನಿಮ್ಮ ಫೋನಿಗೆ ರಾತ್ರಿ ಹೊತ್ತಲ್ಲಿ ತನ್ನಷ್ಟಕ್ಕೇ ರಿಪೇರಿ ಬಂದು ಕೂರುತ್ತಲ್ಲ, ಅದೂ ಇದೇ ಕೆಲಸ. ಏನನ್ನ ಮುಚ್ಚಿದ್ರು ಅನ್ನೋದು ಇಲ್ಲಿ ಕಣ್ಣಿಗೆ ಕಾಣುತ್ತೆ, ಅಷ್ಟೇ ವ್ಯತ್ಯಾಸ.

ನಾನು: ಅಂದರೆ ಈ ಮನೆಯಲ್ಲಿ ಹೊಸ ಗ್ಯಾಜೆಟ್ ಯಾವುದೂ ಇಲ್ಲ?

ಜಕಾರ್ಡ್: ಯಾಕಿಲ್ಲ? ಮಗ ಬೆಂಗಳೂರಿಂದ ಹೆಜ್ಜೆ ಎಣಿಸೋ ವಾಚು ತಂದುಕೊಟ್ಟ. ಅಣ್ಣ ಅದನ್ನ ಕಟ್ಕೊಂಡು ಗುಂಡೀಲಿ ಕೂತ. ಲಾಳಿ ಎಸೆದಾಗಲೆಲ್ಲ ಅದು ಒಂದು ಹೆಜ್ಜೆ ಅಂತ ಲೆಕ್ಕ ಹಾಕಿಕೊಳ್ತು. ಸಂಜೆ ಹೊತ್ತಿಗೆ ಪಟಾಕಿ ಹಾರಿಸಿ, ಶಹಬ್ಬಾಸ್, ಇವತ್ತು ಬಹಳ ನಡೆದಿದ್ದೀರಿ ಅಂತು. ಬೆಳಿಗ್ಗೆಯಿಂದ ಕೂತ ಜಾಗ ಬಿಟ್ಟು ಕದಲಿರಲಿಲ್ಲ ಆಸಾಮಿ. ಕೂಲಿನೂ ಅದೇ ಲೆಕ್ಕದಲ್ಲಿ ಕೊಡಿಸು ಅಂತ ಕೇಳಿದ, ವಾಚು ಸುಮ್ಮನಾಯ್ತು.

ನಾನು: ಚಳ್ಳಕೆರೆಯ ಹೊಸ ನೆಂಟರ ಬಗ್ಗೆ ಏನನ್ನುತ್ತೀರಿ?

ಜಕಾರ್ಡ್: ಲೆಕ್ಕ ಹಾಕಿದ್ರೆ ನನ್ನ ಮೊಮ್ಮಕ್ಕಳೇ. ಡಿಆರ್‌ಡಿಒಗೆ 4,290 ಎಕರೆ, ವಿಜ್ಞಾನ ಸಂಸ್ಥೆಗೆ 1,500 ಎಕರೆ. ನನಗೆ ಈ ಪಡಸಾಲೆ. ಅಸೂಯೆ ಇಲ್ಲ. ವಿಜ್ಞಾನ ಸಂಸ್ಥೆಯವರು ಮೇಷ್ಟ್ರುಗಳನ್ನ ಕರೆಸಿ ಕೈಯಾರೆ ಪ್ರಯೋಗ ಮಾಡಿಸ್ತಾರಂತೆ, ಅದು ಒಳ್ಳೇ ಕೆಲಸ. ಆದರೆ ಕಾವಲಿಗೆ ಗೋಡೆ ಬಿದ್ದಾಗ ಕುರಿಯವರು, ದನದವರು ಹಸಿರು ನ್ಯಾಯಮಂಡಳಿವರೆಗೂ ಹೋಗಿದ್ದರು. ಹುಲ್ಲಿಲ್ಲದೆ ಕುರಿ ಇಲ್ಲ, ಕುರಿ ಇಲ್ಲದೆ ಉಣ್ಣೆ ಇಲ್ಲ, ಉಣ್ಣೆ ಇಲ್ಲದೆ ಚಳ್ಳಕೆರೆ ಕಂಬಳಿ ಎಲ್ಲಿಂದ ಬರುತ್ತೆ? ಕಂಬಳಿ ಮಗ್ಗ ನನಗೆ ಅಣ್ಣತಮ್ಮನ ಪೈಕಿ, ಅದಕ್ಕೆ ಹೇಳಿದೆ. ನನ್ನ ಹೊಟ್ಟೇನ ಯಾವ ಮಗು ಬೇಕಾದರೂ ಇಣುಕಿ ನೋಡಬಹುದು. ಆ ಮೊಮ್ಮಕ್ಕಳದ್ದು ಹಾಗಲ್ಲ. 2019ರ ಸೆಪ್ಟೆಂಬರಿನಲ್ಲಿ ರುಸ್ತುಂ-2 ಅನ್ನೋ ಡ್ರೋನು ಜೋಡಿಚಿಕ್ಕೇನಹಳ್ಳಿಯ ತೋಟಕ್ಕೆ ಬಿದ್ದ ದಿನ ಊರವರಿಗೆ ಅದನ್ನ ಹತ್ತಿರದಿಂದ ನೋಡೋ ಯೋಗ ಬಂತು. ಬಿದ್ದದ್ದಕ್ಕೆ ನಗಬೇಡ. ಪರೀಕ್ಷೆ ಮಾಡೋ ಜಾಗ ಅಂದ ಮೇಲೆ ಬೀಳೋದೂ ಇರುತ್ತೆ. ಗಿಣಿ ಕೊಕ್ಕಿನ ಕಥೆ ಈಗ ತಾನೇ ಹೇಳಿದೆನಲ್ಲ.

ನಾನು: ಇಸ್ರೋದ ಪುಷ್ಪಕ ವಿಮಾನ ಮಾತ್ರ ಸರಿಯಾಗಿ ಇಳಿಯಿತು.

ಜಕಾರ್ಡ್: ಇಳೀತು, ಒಂದಲ್ಲ ಮೂರು ಸಲ. 2023ರ ಏಪ್ರಿಲ್ 2ರಂದು ಮೊದಲ ಸಲ, 2024ರ ಮಾರ್ಚ್, ಜೂನ್‌ನಲ್ಲಿ ಮತ್ತೆರಡು ಸಲ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಡ್ತು, ಅದು ತಾನೇ ದಾರಿ ಹುಡುಕ್ಕೊಂಡು ರನ್‌ವೇ ಮುಟ್ತು. ಮೂರನೇ ಸಲ ಇಳಿದ ವೇಗ ಗಂಟೆಗೆ 320 ಕಿಲೋಮೀಟರಿಗೂ ಮೇಲೆ. ಅದನ್ನ 100ರ ಹತ್ತಿರಕ್ಕೆ ಇಳಿಸಿದ್ದು ಯಾರು ಗೊತ್ತಾ? ಹಿಂದೆ ಬಿಚ್ಚಿಕೊಂಡ ಪ್ಯಾರಾಚೂಟು. ಪ್ಯಾರಾಚೂಟು ಅಂದ್ರೆ ಬಟ್ಟೆ ಕಣಪ್ಪ! ಯಾರೋ ಹಾಸು ಹೊಕ್ಕು ಕೂರಿಸಿ ನೇಯ್ದದ್ದು. ಅಷ್ಟೆಲ್ಲ ವಿದ್ಯೆ ಖರ್ಚಾದ ಮೇಲೆ ಕೊನೆಗೆ ಸೆರಗು ಹಿಡಿದೇ ವೇಗ ತಗ್ಗಿಸಬೇಕಾಯ್ತು.

ಒಂದೇ ಒಂದು ತಕರಾರು. ಹೆಸರಿಡೋ ಮೊದಲು ಅಕ್ಕಪಕ್ಕ ವಿಚಾರಿಸಬೇಕಿತ್ತು. ನಮ್ಮ ತಾಲ್ಲೂಕಲ್ಲಿ ಜಟಿಂಗ ರಾಮೇಶ್ವರ ಬೆಟ್ಟ ಇದೆ. ಸೀತೆಯನ್ನ ಹೊತ್ತೊಯ್ತಿದ್ದ ರಾವಣನನ್ನ ತಡೆದು, ರೆಕ್ಕೆ ಕಡಿಸಿಕೊಂಡು ಜಟಾಯು ಬಿದ್ದದ್ದು ಅಲ್ಲೇ ಅಂತ ಸ್ಥಳಪುರಾಣ. ದೇಶದ ಮೊದಲ ವಿಮಾನ ತಡೆ ವ್ಯವಸ್ಥೆ, ಅದೂ ಸಂಬಳ ಇಲ್ಲದೆ. ಅಂಥ ಊರಿನ ಪಕ್ಕದಲ್ಲೇ ಪುಷ್ಪಕ ಅಂತ ಬರೆದ ವಿಮಾನ ತಂದು ಹಾರಿಸಿದ್ರೆ ಆ ಮುದಿ ಹಕ್ಕಿಗೆ ಹೇಗನಿಸಬೇಡ?

ನಾನು: ತಂತ್ರಾಂಶ ಬರೆಯುವ ಹುಡುಗರು ಯಾರಿಗೂ ಕಾಣದ ಹಾಗೆ ಒಳಗೆಲ್ಲೋ ತಮ್ಮ ಗುರುತು ಬಚ್ಚಿಡುತ್ತಾರಂತೆ. ನೇಕಾರರಲ್ಲೂ ಆ ಚಾಳಿ ಇದೆಯಾ?

ಜಕಾರ್ಡ್: ಅಣ್ಣನ ಗುಟ್ಟು ನಾನು ಹೇಳಲ್ಲ. ಆದರೆ ಈ ಚಾಳಿಗೆ ನಮ್ಮ ತಾಲ್ಲೂಕಿನಲ್ಲಿ ಕಲ್ಲಿನ ಸಾಕ್ಷಿ ಇದೆ. ಬ್ರಹ್ಮಗಿರಿಗೆ ಹೋಗು. ಅಶೋಕನ ಶಾಸನ, ಬಿ.ಎಲ್. ರೈಸ್ ಸಾಹೇಬರು 1892ರಲ್ಲಿ ಪತ್ತೆ ಮಾಡಿದ್ದು. ತಂದೆತಾಯಿ ಮಾತು ಕೇಳಿ, ನಿಜ ನುಡೀರಿ ಅಂತೆಲ್ಲ ಚಕ್ರವರ್ತಿಯ ಅಪ್ಪಣೆ, ಪೂರ್ತಿ ಬ್ರಾಹ್ಮಿ ಲಿಪಿ. ಕೊನೇಲಿ ಇದನ್ನ ಬರೆದವನು ಚಪಡ ಅಂತ ಸಹಿ. ಲಿಪಿಕಾರ ಅನ್ನೋ ಒಂದು ಪದ ಬಂದಾಗ ಮಾತ್ರ ಆಸಾಮಿ ಖರೋಷ್ಠಿಗೆ ಜಿಗಿದುಬಿಟ್ಟಿದ್ದಾನೆ! ಅದು ಗಾಂಧಾರದ ಕಡೆ ಲಿಪಿ, ಬಲದಿಂದ ಎಡಕ್ಕೆ ಓದೋದು. ಈ ಬಂಡೆ ಹತ್ತಿರ ಅದನ್ನ ಓದೋನು ಆವತ್ತು ಯಾರಿದ್ದ? ಒಬ್ಬನೂ ಇರಲಿಕ್ಕಿಲ್ಲ. ಚಕ್ರವರ್ತಿಯ ಕಲ್ಲಿನ ಮೇಲೇ ಬಾಲ ಬಿಚ್ಚಿದ್ದಾನೆ. ಸಿದ್ದಾಪುರದಲ್ಲೂ ಅದೇ ಕೈಚಳಕ, ಜಟಿಂಗ ರಾಮೇಶ್ವರದಲ್ಲೂ ಅದೇ. ಎರಡು ಸಾವಿರದ ಇನ್ನೂರು ವರ್ಷ ಆಯ್ತು, ಯಾವ ಮೇಲಧಿಕಾರಿಯೂ ನೋಟೀಸು ಕೊಟ್ಟಿಲ್ಲ. ಕಂಪ್ಯೂಟರ್ ಹುಡುಗರು ಕಾಲಿಗೆ ಬೀಳಬೇಕಾದವನು ಅಂದ್ರೆ ಅವನು.

ನಾನು: ಈಗ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ಕಾರ್ಡೂ ಬೇಡ, ಪೆನ್‌ಡ್ರೈವ್ ಚುಚ್ಚಿದರೆ ಸಾಕು.

ಜಕಾರ್ಡ್: ಬರಲಿ, ಅವನೂ ನನ್ನ ವಂಶದವನೇ. ಒಂದು ಡಿಸೈನಿಗೆ ಕಾರ್ಡು ಹೊಡೆಸೋಕೆ ಅಣ್ಣ ಸಾಲ ಮಾಡೋದು ತಪ್ಪುತ್ತೆ. ಆದರೆ ಅವನಿಗೆ ಕರೆಂಟು ಬೇಕು, ಕೆಟ್ಟರೆ ಕಂಪನಿಯೋನು ಬರಬೇಕು. ಕಂಪನಿಯೋನು ಬರೋದರೊಳಗೆ ಮದುವೆ ಮುಗಿದು ಮದುಮಗಳು ಬಸುರಿಯಾಗಿರ್ತಾಳೆ. ನನಗೆ ಭಯ ಅವನದ್ದಲ್ಲ. ನಮ್ಮ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ, ಬೇರೆಯವರು ಈ ಹೆಸರಿಟ್ಟು ಮಾರೋ ಹಾಗಿಲ್ಲ. ಆದರೂ ಯಾರೋ ಅಂಗಡೀಲಿ ಸೀರೆ ನೋಡೋ ನೆಪದಲ್ಲಿ ಫೋನೆತ್ತಿ ನನ್ನ ಗಿಣಿ ಫೋಟೋ ಹೊಡ್ಕೊಂಡು ಹೋಗ್ತಾರೆ. ತಿಂಗಳೊಳಗೆ ಎಲ್ಲೋ ಒಂದು ಪವರ್‌ಲೂಮಿನಲ್ಲಿ ಅದೇ ಗಿಣಿ ಸಾವಿರ ಮರಿ ಹಾಕಿರುತ್ತೆ. ಪಾಲಿಸ್ಟರ್ ಮರಿ. ಒಂದು ಸಲ ಆ ಬೆನ್ನ ಮೇಲೆ ಕೊಕ್ಕು ಬಂದಿದ್ದ ಗಿಣಿಯನ್ನೇ ಕದ್ದಿದ್ದರು ನೋಡು, ಅಷ್ಟು ಖುಷಿ ನನಗೆ ಯಾವತ್ತೂ ಆಗಿಲ್ಲ.

ನಾನು: ಕೊನೆಯ ಪ್ರಶ್ನೆ ತಾತ. ನಮ್ಮ ಓದುಗರಲ್ಲಿ ಕೈಯಾರೆ ಏನಾದರೂ ಮಾಡಬೇಕು ಅನ್ನುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ...

ಜಕಾರ್ಡ್: ತಾಳು. ಅದು ಎಂಥ ಪೆನ್ನು ನಿನ್ನದು?

ನಾನು: ಮಾಮೂಲಿ ಪೆನ್ನು. ಒತ್ತಿದರೆ ನಿಬ್ಬು ಹೊರಬರುತ್ತದೆ.

ಜಕಾರ್ಡ್: ಅಂದ್ರೆ ಒಳಗೆ ಸ್ಪ್ರಿಂಗಿದೆ. ನನ್ನ ಸೂಜಿಗಳ ಹಿಂದೆ ಒಂದೊಂದು ಸ್ಪ್ರಿಂಗ್ ಇರುತ್ತೆ, ರಟ್ಟು ತಳ್ಳಿದ ಸೂಜೀನ ವಾಪಸ್ ಕಳಿಸೋಕೆ. ಬಲಗಡೆ ಮೂರನೇ ಸಾಲಲ್ಲಿ ಎರಡು ಸತ್ತು ಕೂತಿವೆ, ಅಣ್ಣ ವಾರದಿಂದ ಹುಡುಕ್ತಿದ್ದಾನೆ. ಬಿಚ್ಚು, ಬಿಚ್ಚು. ಅಕ್ಕಾ, ಇಲ್ಲಿ ಬಾ, ಈ ತಮ್ಮನ ಪೆನ್ನು ತಗೊ.

(ಅಕ್ಕ ರಾಟೆ ಬಿಟ್ಟು ಎದ್ದು ಬಂದರು. ಪೆನ್ನು ನಾಲ್ಕು ತುಂಡಾಯಿತು. ಸ್ಪ್ರಿಂಗನ್ನು ಬೆಳಕಿಗೆ ಹಿಡಿದು, ಹಲ್ಲಿನಲ್ಲಿ ಕಚ್ಚಿ ಒಂದು ಸುತ್ತು ಕಡಿಮೆ ಮಾಡಿ, ಸ್ಟೂಲು ಹತ್ತಿ ಸೂಜಿಯ ಹಿಂದೆ ಕೂರಿಸಿದರು. ಬೆರಳಿಂದ ಒತ್ತಿ ನೋಡಿದರು. ಸೂಜಿ ಪಟಕ್ಕನೆ ವಾಪಸ್ ಬಂತು.)

ನಾನು: ತಾತ, ಇನ್ನು ಬರೆದುಕೊಳ್ಳುವುದು ಹೇಗೆ?

ಜಕಾರ್ಡ್: ಬರೆಯೋದು ಆಮೇಲಾಯ್ತು. ಎರಡು ಸತ್ತಿವೆ ಅಂದೆನಲ್ಲ. ಇನ್ನೊಂದು ಪೆನ್ನು ಇದೆಯಾ?