ಐವತ್ತು ಮಿ.ಮೀ. ಮೀಮಾಂಸೆ: ಅಲ್ಲಾಳಸಂದ್ರ ಕೆರೆ ಏರಿಯ ಸಾಕ್ಷ್ಯಾಧಾರಗಳೊಡನೆ

ಪ್ರವಾಸದಲ್ಲಿ ಫೋಟೊ ಮತ್ತು ವಿಡಿಯೊ ತೆಗೆಯಲು ತಕ್ಕ ಲೆನ್ಸೊಂದನ್ನು ಆರಿಸುವ ಕಾರ್ಯವು ಪ್ರವಾಸಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂಬ ವಿಷಯದಲ್ಲಿ ವಿದ್ವಾಂಸರಿಗೂ ಅವರ ಮನೆಯವರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರಸ್ತುತ ಪ್ರಬಂಧವು ಆ ವಿಸ್ತಾರವಾದ ಕ್ಷೇತ್ರದ ಒಂದು ಮೂಲೆಯನ್ನು, ಅಂದರೆ ಕೈಯಿಂದಲೇ ಫೋಕಸ್ ಮಾಡಬೇಕಾದ ಸ್ಟ್ಯಾಂಡರ್ಡ್ ಪ್ರೈಮ್ ಲೆನ್ಸನ್ನು ಮಾತ್ರ ಪರಿಶೀಲಿಸುತ್ತದೆ. ಪ್ರೈಮ್ ಎಂದರೆ ಏಕನಾಭಿ, ಜೂಮ್ ಮಾಡಲು ಬಾರದ ಲೆನ್ಸು. ದೃಶ್ಯ ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾ ಹಿಡಿದವನೇ ನಾಲ್ಕು ಹೆಜ್ಜೆ ಮುಂದೆ ನಡೆಯಬೇಕು, ಮುಂದೆ ಕೆರೆಯಿದ್ದರೆ ನಡೆಯಬಾರದು. ಕೈಫೋಕಸ್ ಎಂದರೆ ಲೆನ್ಸಿನ ಸುತ್ತಲಿನ ಬಳೆಯನ್ನು ಬೆರಳಿನಿಂದ ತಿರುಗಿಸುತ್ತ, ಚಿತ್ರವು ಮಸುಕಿನಿಂದ ಸ್ಪಷ್ಟತೆಗೆ ಬಂದು ಮತ್ತೆ ಮಸುಕಿಗೆ ಜಾರುವುದರೊಳಗೆ ಕೈ ನಿಲ್ಲಿಸುವ ವಿದ್ಯೆ. ಮೊಬೈಲು ಈ ಕೆಲಸವನ್ನು ತಾನಾಗಿಯೇ ಮುಗಿಸಿಕೊಡುವ ಕಾಲದಲ್ಲಿ ದುಡ್ಡು ಕೊಟ್ಟು ಕಷ್ಟವನ್ನು ಕೊಂಡುಕೊಳ್ಳುವುದೇಕೆ ಎಂಬ ಪ್ರಶ್ನೆಯು ಶಾಸ್ತ್ರದ ಹೊರಗಿನದಾದ್ದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಮೊದಲು ‘ಸ್ಟ್ಯಾಂಡರ್ಡ್’ ಎಂಬುದರ ಲಕ್ಷಣವನ್ನು ನಿಗದಿಪಡಿಸಬೇಕು. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರು 36 ಮಿ.ಮೀ. ಅಗಲ ಮತ್ತು 24 ಮಿ.ಮೀ. ಎತ್ತರದ ಆಯತವಾಗಿದ್ದು, ಅದರ ಕರ್ಣ ಸುಮಾರು 43.3 ಮಿ.ಮೀ. ಆಗುತ್ತದೆ, ನಾಭಿದೂರವು, ಅಂದರೆ ಫೋಕಲ್ ಲೆಂಗ್ತ್, ಈ ಕರ್ಣಕ್ಕೆ ಸಮನಾಗಿರುವ ಲೆನ್ಸೇ ಸ್ಟ್ಯಾಂಡರ್ಡ್ ಎಂಬುದು ಸೂತ್ರ. ಸೂತ್ರವು ಇಷ್ಟು ಸ್ಪಷ್ಟವಾಗಿರುವುದರಿಂದಲೇ ಅದನ್ನು ಪಾಲಿಸುವವರು ಕಡಿಮೆ. 1925ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾಕ್ಕೆ ಅದರ ನಿರ್ಮಾತೃ ಓಸ್ಕರ್ ಬಾರ್ನಾಕ್ 50 ಮಿ.ಮೀ. ಲೆನ್ಸನ್ನು ಕೂರಿಸಿದ್ದೇ ತಡ, ಐವತ್ತೇ ಪ್ರಮಾಣವೆಂದು ಲೋಕ ಒಪ್ಪಿಕೊಂಡಿತು. ಐವತ್ತರ ಪಂಥದವರಿಗೆ ಸಂಪ್ರದಾಯದ ಬಲವಿದೆ. ಮೂವತ್ತೈದರ ಪಂಥದವರಿಗೆ ಇಕ್ಕಟ್ಟಾದ ಬೀದಿಗಳ ಬಲವಿದೆ. ನಲವತ್ತರ ಪಂಥದವರು ಗಣಿತಕ್ಕೆ ಎಲ್ಲರಿಗಿಂತ ಹತ್ತಿರವಿದ್ದು, ಆ ಕಾರಣದಿಂದಲೇ ಸಭೆಗಳಲ್ಲಿ ಒಂಟಿಯಾಗಿ ಕೂರುತ್ತಾರೆ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಲ್ಲಿ ನಾಭಿದೂರವನ್ನು ಒಂದೂವರೆಯಿಂದ ಗುಣಿಸಿ ನೋಡುವ ಪದ್ಧತಿಯಿದ್ದು, ಅದರಂತೆ 35 ಎಂಬುದು ಹೆಚ್ಚುಕಡಿಮೆ 52 ಆಗುವುದರಿಂದ, ಐವತ್ತರ ಪಂಥವನ್ನು ಜೀವನವಿಡೀ ಖಂಡಿಸಿದ ಹಲವರು ಮೊದಲಿನಿಂದಲೂ ಅದೇ ಪಂಥದಲ್ಲಿದ್ದರೆಂಬುದು ತಡವಾಗಿ ತಿಳಿದುಬಂದಿದೆ.

ಈ ಅಧ್ಯಯನಕ್ಕೆ ಅಲ್ಲಾಳಸಂದ್ರವನ್ನು ಆರಿಸಿಕೊಂಡಿರುವುದು ಆಕಸ್ಮಿಕವಲ್ಲ. ಬೆಂಗಳೂರಿನ ಉತ್ತರದಲ್ಲಿ, ಯಲಹಂಕದ ಮಗ್ಗುಲಿನಲ್ಲಿ, ಜಕ್ಕೂರು ಮತ್ತು ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯಗಳ ನೆರೆಯಲ್ಲಿರುವ ಈ ಊರಿನ ಬದಿಯಲ್ಲೇ ಬಳ್ಳಾರಿ ರಸ್ತೆ ಹಾದುಹೋಗುತ್ತದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲಂತೂ ನಗರದ ಪ್ರವಾಸಿಗರಲ್ಲಿ ಬಹುಮಂದಿ, ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಟವರಿರಲಿ, ಲೇಪಾಕ್ಷಿಗೆ ಹೊರಟವರಿರಲಿ, ಫ್ರಾಂಕ್‌ಫರ್ಟಿಗೆ ಹೊರಟವರಿರಲಿ, ಅಲ್ಲಾಳಸಂದ್ರವನ್ನು ದಾಟಿಯೇ ಹೋಗುತ್ತಾರೆ. ಪ್ರವಾಸವನ್ನು ಹೀಗೆ ದಿನವೂ ಬೇರೆಯವರು ಮಾಡುತ್ತಿರುವುದನ್ನು ನೋಡುವ ಊರಿನಲ್ಲಿ ಪ್ರವಾಸದ ಸಲಕರಣೆಗಳ ಚಿಂತನೆ ಬೆಳೆಯುವುದು ಸಹಜ. ಮೇಲಾಗಿ ಇಲ್ಲಿ ಒಂದು ಕೆರೆಯಿದೆ. ಕೆರೆಯ ಸುತ್ತ ನಡಿಗೆಪಥವಿದೆ, ಪಥದ ಮೇಲೆ ಬೆಳಗ್ಗೆ ವಾಕಿಂಗ್ ಬರುವ ಜನರಿದ್ದಾರೆ, ನೀರಿನಲ್ಲಿ ಹಕ್ಕಿಗಳಿವೆ. ಪ್ರಯೋಗಶಾಲೆಗೆ ಇದಕ್ಕಿಂತ ಹೆಚ್ಚೇನೂ ಬೇಡ.

ಹಕ್ಕಿಗಳ ವಿಷಯವನ್ನು ಬೇಗ ಮುಗಿಸಬಹುದು. ಐವತ್ತು ಮೀಟರ್ ದೂರದಲ್ಲಿ ನಿಂತಿರುವ, 60 ಸೆಂ.ಮೀ. ಎತ್ತರದ ಬೆಳ್ಳಕ್ಕಿಯು 50 ಮಿ.ಮೀ. ಲೆನ್ಸಿನ ಮೂಲಕ ಸೆನ್ಸರಿನ ಮೇಲೆ 0.6 ಮಿ.ಮೀ. ಎತ್ತರವಾಗಿ ಮೂಡುತ್ತದೆ, ಎಂದರೆ ಚಿತ್ರದ ಎತ್ತರದ ನಲವತ್ತನೆಯ ಒಂದು ಭಾಗ. ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನದ ಕಾಲದಲ್ಲಿ ತಲೆಯ ಮೇಲೆ ಒಂದು ಕಿಲೋಮೀಟರ್ ದೂರದಲ್ಲಿ ಗರ್ಜಿಸುವ, ಸುಮಾರು 22 ಮೀಟರ್ ಉದ್ದದ ಸುಖೋಯ್ ವಿಮಾನದ್ದೂ ಇದೇ ಗತಿ, ಅದು 1.1 ಮಿ.ಮೀ.ಗೆ ಇಳಿಯುತ್ತದೆ. ಆಕಾಶದ ಫೋಟೊ ತೋರಿಸಿ ‘ಇದು ಸುಖೋಯ್’ ಎಂದು ಬೆರಳಿಟ್ಟು ಹೇಳಬೇಕಾಗಿ ಬಂದಾಗ, ಆ ಬೆರಳಿನಡಿ ವಿಮಾನವೇ ಮುಚ್ಚಿಹೋಗುತ್ತದೆ. ಆದುದರಿಂದ ಸ್ಟ್ಯಾಂಡರ್ಡ್ ಲೆನ್ಸು ಮನುಷ್ಯರಿಗೆ, ಕಟ್ಟಡಗಳಿಗೆ ಮತ್ತು ತಿಂಡಿಗಳಿಗೆ ಮಾತ್ರ ಎಂದು ತಿಳಿಯತಕ್ಕದ್ದು.

ಲೆನ್ಸುಗಳ ಅಧ್ಯಯನದಲ್ಲಿ ಮುಖ್ಯ ಆಕರವೆಂದರೆ ಅವುಗಳ ಮೂತಿಯ ಸುತ್ತ ಕೆತ್ತಿರುವ ಶಾಸನ. ಶಾಸನ ಓದುವ ಪರಂಪರೆ ಈ ಸೀಮೆಗೆ ಹೊಸದಲ್ಲ. ಅಲ್ಲಾಳಸಂದ್ರದಿಂದ ಕೆಲವೇ ಕಿಲೋಮೀಟರ್ ದಕ್ಷಿಣದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದಾಗಿದ್ದು, ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ, ಚಿಕ್ಕಪ್ಪನ ಕಾಲದ ಜೆನಿಟ್ ಕ್ಯಾಮೆರಾದೊಂದಿಗೆ ದೊರೆಯುವ ಹೀಲಿಯೋಸ್ 44-2 ಲೆನ್ಸಿನ ಶಾಸನವನ್ನು ಓದುವುದು ಅದಕ್ಕಿಂತ ಸುಲಭ: ಎರಡು ಮತ್ತು ಐವತ್ತೆಂಟು ಎಂಬ ಅಂಕೆಗಳು ಕ್ರಮವಾಗಿ ದ್ಯುತಿರಂಧ್ರವನ್ನೂ (ಅಂದರೆ ಬೆಳಕು ಒಳಬರುವ ಕಂಡಿಯನ್ನೂ) ನಾಭಿದೂರವನ್ನೂ ಹೇಳಿದರೆ, ಕ್ರಮಸಂಖ್ಯೆಯ ಮೊದಲೆರಡು ಅಂಕೆಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು ಹೇಳುತ್ತವೆ. ಕಾಲನಿರ್ಣಯ ಎಲ್ಲ ಕಡೆ ಇಷ್ಟು ಸಲೀಸಾಗಿದ್ದರೆ ಶಾಸನ ಸಂಶೋಧಕರಿಗೆ ಕೆಲಸವೇ ಇರುತ್ತಿರಲಿಲ್ಲ. ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ವಿನ್ಯಾಸವನ್ನು ಅನುಸರಿಸಿ ಸೋವಿಯತ್ ದೇಶದಲ್ಲಿ ತಯಾರಾದ ಈ ಲೆನ್ಸು ಹಿನ್ನೆಲೆಯ ಎಲೆಗಳನ್ನು ಸುಳಿಸುಳಿಯಾಗಿ ತೋರಿಸುವುದಕ್ಕೆ ಹೆಸರಾಗಿದೆ. ಇದು ವಿನ್ಯಾಸದ ದೋಷವೆಂದು ಹಿಂದೆ ಹೇಳುತ್ತಿದ್ದರು, ಈಗ ಅದಕ್ಕೆಂದೇ ಹೆಚ್ಚು ಬೆಲೆ ಕೇಳುತ್ತಾರೆ. ಇದರ ತಿರುಪು 42 ಮಿ.ಮೀ. ವ್ಯಾಸದ್ದು, ಸೆನ್ಸರಿನಿಂದ 45.46 ಮಿ.ಮೀ. ದೂರದಲ್ಲಿ ಕೂರಬೇಕಾದದ್ದು, ಇಂದಿನ ಸೋನಿ ಕ್ಯಾಮೆರಾದಲ್ಲಿ ಆ ದೂರ 18 ಮಿ.ಮೀ. ಮಾತ್ರ. ನಡುವಿನ ವ್ಯತ್ಯಾಸವನ್ನು ತುಂಬಲು ಅಡಾಪ್ಟರ್ ಎಂಬ ಲೋಹದ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ, ಗಾಳಿಯ ಹೊರತು ಏನೂ ಇಲ್ಲ, ಆದರೂ ಅದರಲ್ಲಿ ಹಲವು ದರ್ಜೆಗಳಿವೆ.

ಈಗ ಪೂರ್ವಪಕ್ಷ. ದ್ಯುತಿರಂಧ್ರವೆಂಬ ಕಂಡಿ ದೊಡ್ಡದಾದಷ್ಟೂ ಲೆನ್ಸು ಶ್ರೇಷ್ಠವೆಂಬುದು ಪೂರ್ವಪಕ್ಷದ ವಾದ. ಕಂಡಿಯ ಅಳತೆಯನ್ನು ಎಫ್ ಸಂಖ್ಯೆಯಿಂದ ಹೇಳುತ್ತಾರೆ, ಸಂಖ್ಯೆ ಕಿರಿದಾದಂತೆ ಕಂಡಿ ಹಿರಿದಾಗುತ್ತದೆ, ಬೆಲೆ ಇನ್ನೂ ಹಿರಿದಾಗುತ್ತದೆ. ಸ್ಟ್ಯಾನ್ಲಿ ಕ್ಯೂಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಮೇಣದ ಬತ್ತಿಯ ಬೆಳಕಿನ ದೃಶ್ಯಗಳನ್ನು ತೆಗೆಯಲು, ನಾಸಾಕ್ಕಾಗಿ ತಯಾರಾಗಿದ್ದ ಜೈಸ್ ಕಂಪನಿಯ ಎಫ್/0.7 ಲೆನ್ಸನ್ನು ಬಳಸಿದ ಎಂಬುದನ್ನು ಈ ಪಕ್ಷದವರು ತಪ್ಪದೆ ಉದಾಹರಿಸುತ್ತಾರೆ. ಮನೆಯಲ್ಲಿ ಕರೆಂಟು ಹೋದಾಗ ಮಾತ್ರ ಅವರೂ ಫೋಟೊ ತೆಗೆಯದೆ ಫ್ಯಾನಿನ ಕಡೆ ನೋಡುತ್ತಾರೆ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದ ಕತ್ತಲೆಗೆ ಎಫ್/1.4 ಬೇಕೇಬೇಕು ಎಂಬುದು ಅವರ ಎರಡನೆಯ ಆಧಾರ.

ಇದಕ್ಕೆ ಉತ್ತರ: ಕಂಡಿ ತೆರೆದಷ್ಟೂ ಸ್ಪಷ್ಟತೆಯ ಆಳ ತೆಳುವಾಗುತ್ತದೆ. ಸ್ಪಷ್ಟತೆಯ ಆಳವೆಂದರೆ ಫೋಕಸ್ ಆದ ಬಿಂದುವಿನ ಹಿಂದೆ ಮುಂದೆ ಚಿತ್ರವು ಸ್ಫುಟವಾಗಿ ಕಾಣುವ ಪಟ್ಟಿ. ಐವತ್ತರ ಲೆನ್ಸನ್ನು ಎಫ್/1.4ರಲ್ಲಿಟ್ಟು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಈ ಪಟ್ಟಿ ಸುಮಾರು 13 ಸೆಂ.ಮೀ. ಮಾತ್ರ. ಹೊಯ್ಸಳ ಶಿಲ್ಪಿಯು ಶಿಲಾಬಾಲಿಕೆಯ ಮೂಗಿಗೂ, ಹಿಂದಿನ ಬಳ್ಳಿಗೂ, ಬಳ್ಳಿಯ ಮೇಲಿನ ಹುಳುವಿಗೂ ಸಮನಾದ ಶ್ರಮ ಹಾಕಿರುವಾಗ, ಮೂಗೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಮಂಜಿಗೆ ತಳ್ಳುವುದು ಶಿಲ್ಪಿಗೆ ಮಾಡುವ ಅಪಚಾರವೇ ಸರಿ. ದರ್ಶಿನಿಯ ನಿಲುಮೇಜಿನ ಮೇಲೆ 45 ಸೆಂ.ಮೀ. ದೂರದಿಂದ ಮಸಾಲೆ ದೋಸೆಯನ್ನು ಇದೇ ಎಫ್/1.4ರಲ್ಲಿ ಚಿತ್ರಿಸಿದರೆ ಪಟ್ಟಿ ಸುಮಾರು ಆರು ಮಿ.ಮೀ.ಗೆ ಕುಗ್ಗುತ್ತದೆ; ದೋಸೆಯ ಅಂಚು ಗರಿಗರಿಯಾಗಿದೆ ಎಂದು ಗೊತ್ತಾಗುತ್ತದೆ, ಚಟ್ನಿ ಕೆಂಪೋ ಬಿಳಿಯೋ ಎಂಬುದರ ಆಚೆಗೆ ಏನೂ ಗೊತ್ತಾಗುವುದಿಲ್ಲ. ದೋಸೆಯಂತೂ ಆರಿಹೋಗಿರುತ್ತದೆ.

ಕೈಫೋಕಸಿಗೆ ತಗಲುವ ಕಾಲವನ್ನು ಅಳೆಯಲು ಅಲ್ಲಾಳಸಂದ್ರ ಸಂಪ್ರದಾಯದಲ್ಲಿ ‘ಆಯ್ತಾ’ ಎಂಬ ಮಾನ ಬಳಕೆಯಲ್ಲಿದೆ. ಚಿತ್ರಕ್ಕೆ ನಿಂತವರು ಮುಗುಳ್ನಗೆ ತಂದುಕೊಂಡ ಕ್ಷಣದಿಂದ ಮೊದಲ ಸಲ ಹಾಗೆ ಕೇಳುವವರೆಗಿನ ಅವಧಿಯೇ ಒಂದು ಆಯ್ತಾ. ಕೆರೆಯ ತಂತಿಬೇಲಿಯ ಪಕ್ಕದಲ್ಲಿ, ಬೆಳಗಿನ ಎಳೆಬಿಸಿಲಿನಲ್ಲಿ, ಸೆರಗು ಸರಿಮಾಡಿಕೊಂಡು ನಿಲ್ಲುವ ದೊಡ್ಡಮ್ಮನವರು ಈ ಮಾಪನಕ್ಕೆ ಅತ್ಯಂತ ವಿಶ್ವಾಸಾರ್ಹ ಉಪಕರಣ. ‘ಆಯ್ತಾ ಪುಟ್ಟಾ?’ ಎಂಬ ಮೊದಲ ಪ್ರಶ್ನೆಯವರೆಗೆ ನಗೆ ಕಣ್ಣಿನಲ್ಲಿಯೂ ಇರುತ್ತದೆ. ‘ಒಂದೇ ನಿಮಿಷ ದೊಡ್ಡಮ್ಮ, ಅಲ್ಲಾಡಬೇಡಿ’ ಎಂಬ ಉತ್ತರ ಬಂದೊಡನೆ ‘ನಾನೆಲ್ಲಿ ಅಲ್ಲಾಡ್ದೆ, ನಿನ್ ಕೈನೇ ಅಲ್ಲಾಡ್ತಿದೆ’ ಎಂಬ ಆಕ್ಷೇಪ ಹೊರಡುತ್ತದೆ, ಇದು ದ್ಯುತಿಶಾಸ್ತ್ರದ ದೃಷ್ಟಿಯಿಂದಲೂ ಸರಿಯಾದದ್ದೇ. ಎರಡನೆಯ ಆಯ್ತಾದಲ್ಲಿ ನಗೆ ತುಟಿಗೆ ಸೀಮಿತವಾಗುತ್ತದೆ; ಮೂರನೆಯದರಲ್ಲಿ ದೃಷ್ಟಿ ಎಳನೀರಿನ ಗಾಡಿಯತ್ತ ಹೊರಳಿ, ‘ಮೊಬೈಲಲ್ಲಿ ತೆಗಿಯೋ, ಆಗ್ಲೇ ಆಗೋಗಿರೋದು’ ಎಂಬ ತೀರ್ಪು ಬರುತ್ತದೆ. ಫೋಕಸ್ ಆದ ಅಂಚುಗಳಿಗೆ ಪರದೆಯ ಮೇಲೆ ಕೆಂಪು ಬಣ್ಣ ಬಳಿದು ತೋರಿಸುವ ‘ಪೀಕಿಂಗ್’ ಸೌಲಭ್ಯವು ಇಲ್ಲಿ ನೆರವಾಗಬೇಕಿತ್ತು. ಆದರೆ ಅದು ಬೆಳಕು ನೆರಳುಗಳ ಅಂತರ ಹೆಚ್ಚಿರುವ ಕಡೆಗೆ ಒಲಿಯುವುದರಿಂದ ಕಣ್ಣಿಗಿಂತ ಮೊದಲು ಸೀರೆಯ ಜರಿ ಅಂಚನ್ನು ಹಿಡಿಯುತ್ತದೆ. ಇಂತಹ ಚಿತ್ರಗಳಿಂದ ಸೀರೆಯ ಬೆಲೆಯನ್ನು ಊಹಿಸಬಹುದಲ್ಲದೆ ಉಟ್ಟವರು ಯಾರೆಂದು ಹೇಳಲಾಗದು.

ಆದ್ದರಿಂದ ಸಿದ್ಧಾಂತವು ಹೀಗಿದೆ: ಒಂದು ಆಯ್ತಾಕ್ಕೆ ಮೀರದಂತೆ ಕೆಲಸ ಮುಗಿಸಲು ಬಿಡುವ ಲೆನ್ಸೇ ಪ್ರವಾಸಕ್ಕೆ ಯೋಗ್ಯ, ಮತ್ತು ಅದನ್ನು ಸಾಧಿಸಿಕೊಡುವುದು ಕಂಡಿಯ ಹಿರಿಮೆಯಲ್ಲ, ಬಳೆಯ ಮೇಲಿನ ಅಂಕೆಗಳು. ಹಳೆಯ ಲೆನ್ಸುಗಳ ಮೈಮೇಲೆ ಮೀಟರ್ ಮತ್ತು ಅಡಿಗಳಲ್ಲಿ ದೂರವನ್ನು ಕೆತ್ತಿರುತ್ತಾರೆ, ಅದರ ಎರಡೂ ಬದಿಗೆ ಎಫ್ ಸಂಖ್ಯೆಗಳ ಗೆರೆಗಳಿರುತ್ತವೆ. ಎಫ್/8ಕ್ಕೆ ಕಂಡಿ ಕಿರಿದು ಮಾಡಿ ದೂರವನ್ನು ಐದು ಮೀಟರಿಗಿಟ್ಟರೆ, 50 ಮಿ.ಮೀ. ಲೆನ್ಸಿನಲ್ಲಿ ಸುಮಾರು 3.4 ಮೀಟರಿನಿಂದ 9.5 ಮೀಟರಿನವರೆಗೆ ಇರುವುದೆಲ್ಲ ಸಾಕಷ್ಟು ಸ್ಫುಟವಾಗುತ್ತದೆ. ಹತ್ತೂವರೆ ಮೀಟರಿಗಿಟ್ಟರೆ ಐದೂಕಾಲು ಮೀಟರಿನಿಂದ ಕೆರೆಯಾಚೆಯ ಅಪಾರ್ಟ್‌ಮೆಂಟುಗಳವರೆಗೂ, ಅದರಾಚೆಗೂ ಸ್ಫುಟ. ಬಳೆಯನ್ನು ಐದು ಮೀಟರಿಗಿಟ್ಟು ದೊಡ್ಡಮ್ಮನವರನ್ನು ನಾಲ್ಕು ಮೀಟರಿನಲ್ಲಿ ನಿಲ್ಲಿಸಿದ ಮೇಲೆ ಅದನ್ನು ಮತ್ತೆ ಮುಟ್ಟುವ ಅಗತ್ಯವೇ ಇಲ್ಲ, ಕಾಲಮಾನ ಸೊನ್ನೆ ಆಯ್ತಾ. ಎಫ್/8ಕ್ಕೆ ಇಳಿಸಿದ ಮೇಲೆ ಎಫ್/1.2ರ ಲೆನ್ಸಿಗೂ ಅಟ್ಟದ ಮೇಲಿನ ಎಫ್/2ರ ಲೆನ್ಸಿಗೂ ಚಿತ್ರದಲ್ಲಿ ಉಳಿಯುವ ವ್ಯತ್ಯಾಸವು ತೂಕ ಮತ್ತು ಕಂತುಗಳಲ್ಲಿ ಮಾತ್ರ ಕಾಣಸಿಗುತ್ತದೆ. ಈ ತೀರ್ಮಾನವನ್ನು ಲೆನ್ಸು ಕೊಂಡಾದ ಮೇಲೆ ಓದುವುದು ಶ್ರೇಯಸ್ಕರವಲ್ಲ.

ವಿಡಿಯೊದ ಪ್ರಕರಣ ಬೇರೆ. ಅಲ್ಲಿ ವಸ್ತು ಚಲಿಸುತ್ತದೆ, ಬಳೆಯೂ ಅದರ ಜೊತೆಗೆ ಚಲಿಸಬೇಕು. ವಾಕಿಂಗಿನ ಬಿರುಸಿನಲ್ಲಿ ಎದುರಿಗೆ ಬರುವ ವ್ಯಕ್ತಿ ಐದು ಮೀಟರಿನಿಂದ ಎರಡು ಮೀಟರಿಗೆ ತಲುಪಲು ಎರಡು ಸೆಕೆಂಡು ಸಾಕು. ಬಳೆಯ ತಿರುವು ಉದ್ದವಾಗಿದ್ದರೆ ನಯವಾಗಿ ಹಿಂಬಾಲಿಸಬಹುದು, ಗಿಡ್ಡವಾಗಿದ್ದರೆ ಬೆರಳು ಕೊಂಚ ಜಾರಿದರೂ ಚಿತ್ರ ನೆಗೆಯುತ್ತದೆ; ಆದುದರಿಂದ ಅಂಗಡಿಯಲ್ಲಿ ಗಾಜಿಗಿಂತ ಮೊದಲು ಬಳೆಯನ್ನು ತಿರುಗಿಸಿ ನೋಡಬೇಕು. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಭಾರತದ ಮೊದಲ ಸಿನಿಮಾಸ್ಕೋಪ್ ಛಾಯಾಗ್ರಹಣವನ್ನು ಸಾಧಿಸಿದಾಗಲೂ ಫೋಕಸ್ ಎಂಬುದು ಕೈಗೆಲಸವೇ ಆಗಿತ್ತು. ಸಿನಿಮಾದಲ್ಲಿ ಟೇಪು ಹಿಡಿದು ದೂರ ಅಳೆದು ಬಳೆ ತಿರುಗಿಸಲೆಂದೇ ಒಬ್ಬ ಸಹಾಯಕನಿರುತ್ತಾನೆ. ಸಂಸಾರದ ಪ್ರವಾಸದಲ್ಲಿ ಆ ಹುದ್ದೆಗೆ ನೇಮಕವಾದ ಭಾವಮೈದುನನು ಸಾಮಾನ್ಯವಾಗಿ ಬ್ಯಾಗು ಕಾಯುತ್ತಿರುತ್ತಾನೆ. ಕಂಡಿಯ ಬಳೆ ಟಿಕ್ ಟಿಕ್ ಎನ್ನದಂತಿರಬೇಕು, ಇಲ್ಲವಾದರೆ ಹಂಪಿಯ ನಿಶ್ಶಬ್ದದಲ್ಲಿ ಲೆನ್ಸಿನದೇ ಹಿನ್ನೆಲೆ ಸಂಗೀತವಾಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ ಕಾರಣ, ಶಟರ್ ವೇಗವನ್ನು ಸೆಕೆಂಡಿನ ಐವತ್ತನೆಯ ಅಥವಾ ನೂರನೆಯ ಒಂದು ಭಾಗಕ್ಕೆ ಇಡದಿದ್ದರೆ ದರ್ಶಿನಿಯ ದೀಪಗಳು ವಿಡಿಯೊದಲ್ಲಿ ಕಣ್ಣು ಮಿಟುಕಿಸುತ್ತವೆ. ನಿಕಾನ್ ಲೆನ್ಸುಗಳ ಬಳೆಯು ಲೈಕಾ, ಕ್ಯಾನನ್‌ಗಳ ಬಳೆಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವುದರಿಂದ, ಎರಡನ್ನೂ ಒಂದೇ ಚೀಲದಲ್ಲಿಟ್ಟುಕೊಂಡವರ ವಿಡಿಯೊಗಳಲ್ಲಿ ನೆಂಟರು ಹತ್ತಿರ ಬಂದಂತೆಲ್ಲ ಮಸುಕಾಗುತ್ತಾರೆ. ಕೆಲವು ನೆಂಟರ ವಿಷಯದಲ್ಲಿ ಇದನ್ನು ದೋಷವೆಂದು ಪರಿಗಣಿಸಬೇಕಿಲ್ಲ.

ಹಳೆಯ ಲೆನ್ಸು ಕೊಳ್ಳುವವರು ಅದನ್ನು ಬೆಳಕಿಗೆ ಹಿಡಿದು ಒಳಗೆ ಜೇಡರಬಲೆಯಂತಹ ಬೂಷ್ಟಿದೆಯೇ ಎಂದು ನೋಡಬೇಕು. ಮಳೆಗಾಲದ ತೇವದಲ್ಲಿ ಮುಚ್ಚಿದ ಬೀರುವಿನಲ್ಲಿಟ್ಟ ಲೆನ್ಸಿಗೆ ಅದು ಖಂಡಿತ ಹಿಡಿಯುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವ ಪದ್ಧತಿಯನ್ನು ಈ ಪ್ರಬಂಧವು ಒಪ್ಪುವುದಿಲ್ಲ, ಅಕ್ಕಿಯ ತೌಡು ಬಳೆಯ ಸಂದಿಗೆ ಸೇರುತ್ತದೆ, ಅನ್ನದಲ್ಲಿ ಸಿಕ್ಕ ಲೆನ್ಸಿನ ಮುಚ್ಚಳಕ್ಕೆ ಉತ್ತರ ಹೇಳುವುದೂ ಕಷ್ಟ. ಜಪಾನಿನ ಟಕುಮಾರ್ ಮಾಲೆಯ ಕೆಲವು 50 ಮಿ.ಮೀ. ಎಫ್/1.4 ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಎಂಬ ವಿಕಿರಣಶೀಲ ಧಾತು ಬೆರೆತಿದ್ದು, ಅವು ವರ್ಷಗಳು ಕಳೆದಂತೆ ಹಳದಿಯಾಗುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಕೆಲವು ದಿನ ಇಟ್ಟರೆ ಈ ಹಳದಿ ಇಳಿಯುತ್ತದೆ. ಚೈತ್ರ ವೈಶಾಖಗಳಲ್ಲಿ ಅಲ್ಲಾಳಸಂದ್ರದ ತಾರಸಿಗಳ ಮೇಲೆ ಸಂಡಿಗೆ, ಬಾಳಕಗಳನ್ನು ಒಣಹಾಕುವ ಹೊತ್ತಿಗೇ ಲೆನ್ಸನ್ನೂ ಇಡಬಹುದು, ಕಾಗೆ ಓಡಿಸಲು ಕೂತ ಹುಡುಗನೇ ಮಧ್ಯಾಹ್ನ ಅದರ ಮಗ್ಗುಲು ಬದಲಿಸಬಹುದು. ಆದರೆ ಲೆನ್ಸಿನ ಬೆನ್ನಿಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದನ್ನು ಮರೆತರೆ, ಗಾಜು ಬಿಸಿಲನ್ನು ಒಂದೇ ಬಿಂದುವಿಗೆ ಕೂಡಿಸಿ ಸಂಡಿಗೆ ಹರಡಿದ ಅಜ್ಜಿಯ ಹಳೆಯ ಸೀರೆಯಲ್ಲಿ ತೂತು ಕೊರೆಯುತ್ತದೆ, ಮತ್ತು ಆ ಫೋಕಸಿಗೆ ಯಾರೂ ಬಳೆ ತಿರುಗಿಸಬೇಕಾಗಿರುವುದಿಲ್ಲ.