ಹಾರುವವರಿಗೆ ಹತ್ತಿರ

ಎರಡು ಊರಿನ ಹೆಸರು ಒತ್ತಿದರೆ ಸಾಕು, ವಿಮಾನದಲ್ಲಿ ದೂರವೆಷ್ಟು, ಎಷ್ಟು ಹೊತ್ತಿನ ಹಾರಾಟ ಎಂದು ಮೊಬೈಲು ಹೇಳಿಬಿಡುತ್ತದೆ. ಊರಿಗೆ ವಿಮಾನ ಇರಲಿ, ರೈಲಾದರೂ ಉಂಟೇ ಎಂದು ಅದು ಕೇಳುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ಹುಡುಕಿದರೂ ಒಂದಡಿ ಹಳಿ ಸಿಗದು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರ ಮುಟ್ಟಬೇಕಾದ 142 ಕಿ.ಮೀ. ಮಾರ್ಗಕ್ಕೆ 1996-97ರಲ್ಲೇ ಮಂಜೂರಾತಿ ಸಿಕ್ಕಿದೆ. ಸಿಗದಿರುವುದು ರೈಲು ಮಾತ್ರ.

ಇರಲಿ, ಹಾರಿಯೇ ನೋಡೋಣ. ಕೊಳ್ಳೇಗಾಲದವನು ಬೆಂಗಳೂರಿಗೆ ವಿಮಾನದಲ್ಲೇ ಹೋಗುವೆನೆಂದು ಹಟ ಹಿಡಿದರೆ ಮೊದಲು ಬೆಂಗಳೂರಿಗೆ ಬೆನ್ನು ತಿರುಗಿಸಿ ನರಸೀಪುರದ ದಾರಿಯಲ್ಲಿ ಮೈಸೂರಿನ ಮಂಡಕಳ್ಳಿ ಸೇರಬೇಕು. ಅಲ್ಲಿ ಬೆಲ್ಟು ಬಿಚ್ಚಿ, ಚೀಲ ತೋರಿಸಿ, ಕಾಯಬೇಕು. ಆಕಾಶದಲ್ಲಿ ಒಂದು ಗಂಟೆಯೂ ಇಲ್ಲ. ಇಳಿಯುವುದು ದೇವನಹಳ್ಳಿಯಲ್ಲಿ, ಮೆಜೆಸ್ಟಿಕ್ಕಿಗೆ ಮತ್ತೆ ಬಸ್ಸು. ಅಷ್ಟು ಹೊತ್ತಿಗೆ ಕನಕಪುರ ರಸ್ತೆಯ ಕೆಂಪು ಬಸ್ಸು ಹಿಡಿದ ಅವನ ಭಾವಮೈದ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಇವನಿಗೆ ಫೋನು ಮಾಡುತ್ತಿರುತ್ತಾನೆ. ಇದೆಲ್ಲ ವಿಮಾನ ಇದ್ದರೆ ತಾನೆ? 2010ರಲ್ಲಿ ಶುರುವಾದ ಮೈಸೂರು-ಬೆಂಗಳೂರು ಹಾರಾಟ ಮರುವರ್ಷವೇ ನಿಂತಿತು. ಆಮೇಲೂ ಅದು ಬಂದಷ್ಟೇ ಬೇಗ ಹೊರಡುವ ನೆಂಟ.

ಈ ಸೀಮೆಯ ದೂರವನ್ನು ಸರಿಯಾಗಿ ಅಳೆದವರು ನಮ್ಮ ಮುಖ್ಯಮಂತ್ರಿಗಳು. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ನಂಬಿಕೆ ವಿಧಾನಸೌಧದಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, 1997ರಲ್ಲಿ ಹೊಸ ಜಿಲ್ಲೆ ಉದ್ಘಾಟಿಸಲು ಬಂದ ಜೆ.ಎಚ್. ಪಟೇಲರು ಜಿಲ್ಲಾ ಕೇಂದ್ರವನ್ನು ಬಿಟ್ಟು ಮಲೆ ಮಹದೇಶ್ವರ ಬೆಟ್ಟದಲ್ಲೇ ಕೆಲಸ ಮುಗಿಸಿದರು. ಕುರ್ಚಿಯ ಮೇಲೆ ಕುಳಿತವರಿಗೆ ಬೆಟ್ಟ ಹತ್ತಿರ, ಬಯಲು ದೂರ!

ಅದೇ ಬೆಟ್ಟದಲ್ಲಿ 2025ರ ಏಪ್ರಿಲ್ 24ರಂದು ಇಡೀ ಸಚಿವ ಸಂಪುಟವೇ ಸಭೆ ಸೇರಿತು. ಬಂದರು, ಮಾದಪ್ಪನಿಗೆ ಕೈ ಮುಗಿದರು, ಹೊರಟರು. ಬೆಟ್ಟದ ಸುತ್ತಿನ ಕಾಡುಹಳ್ಳಿಗಳಲ್ಲಿ ಕಾಯಿಲೆ ಬಿದ್ದವರನ್ನು ಇಂದಿಗೂ ಬಟ್ಟೆಯ ಡೋಲಿಯಲ್ಲಿ ಮಲಗಿಸಿ, ಬೊಂಬಿಗೆ ಹೆಗಲು ಕೊಟ್ಟು, ಕಲ್ಲುದಾರಿಯಲ್ಲಿ ಹೊತ್ತು ತರುತ್ತಾರೆ. ಹೊರುವವರು ಹೆಗಲು ಬದಲಿಸುತ್ತಾರೆ, ದಾರಿ ಬದಲಾಗಿಲ್ಲ. ರಸ್ತೆ ಕೇಳಿದರೆ ವನ್ಯಜೀವಿಧಾಮ ಎನ್ನುತ್ತಾರೆ. ಹುಲಿಗೆ ಜೀಪಿನ ಸದ್ದು ಆಗದಂತೆ, ಸಫಾರಿ ಜೀಪಿನದು ಮಾತ್ರ ಆಗುತ್ತದಂತೆ.

ಅಲ್ಲಿನ ಇಂಡಿಗನತ್ತದವರು ಮೂಲ ಸೌಕರ್ಯವಿಲ್ಲವೆಂದು 2024ರ ಲೋಕಸಭಾ ಚುನಾವಣೆಗೆ ಬಹಿಷ್ಕಾರ ಹಾಕಿದರು. ಏಪ್ರಿಲ್ 26ರಂದು ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು. 29ಕ್ಕೆ ಹೊಸ ಯಂತ್ರ ಬಂತು, ಅಧಿಕಾರಿಗಳು ಬಂದರು, ಪೊಲೀಸರು ಬಂದರು, ಮರುಮತದಾನವೂ ಆಯಿತು. ಸರ್ಕಾರಕ್ಕೂ ಇಂಡಿಗನತ್ತಕ್ಕೂ ನಡುವಿನ ಪ್ರಯಾಣದ ಅವಧಿ ಹೀಗೆ ಅಧಿಕೃತವಾಗಿ ತಿಳಿದುಬಂತು: ಮತಯಂತ್ರಕ್ಕಾದರೆ ಮೂರು ದಿನ. ರಸ್ತೆಗಾದರೆ ಎಷ್ಟು ಎಂದು ಕೇಳಿದವರಿಗೆ, ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಎಂದಿದ್ದಾರೆ.